ಮನಸ್ಸಿನ ಕಾಯಿಲೆಗೆ ಸರ್ಕಾರದ ಹಣ



ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದು ಆಯನೂರು ದಾಟಿದರೆ ಸಿಗುವ ಊರು ಕುಂಸಿ. ತಾಳಗುಪ್ಪದ ರೈಲೂ ಅಲ್ಲಿಯೇ ಹಾದು ಹೋಗುತ್ತದೆ. ಆ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಎರಡೆಕರೆ ಗದ್ದೆ, ಹಿತ್ತಲಲ್ಲಿ ನಾಲ್ಕಾರು ಅಡಿಕೆ ಮರ. ಹಿರಿಯ ಮಗನಿಗೆ ಇಪ್ಪತ್ತೆರಡು ವರ್ಷ. ಕಳೆದ ಸುಗ್ಗಿಯಿಂದೀಚೆಗೆ ಅವನು ಯಾರೊಡನೆಯೂ ಮಾತನಾಡುವುದಿಲ್ಲ, ರಾತ್ರಿ ನಿದ್ದೆಯಿಲ್ಲ, ಯಾರೋ ತನ್ನನ್ನು ಬೈಯುತ್ತಿದ್ದಾರೆಂದು ಗೋಡೆಗೆ ಕಿವಿ ಕೊಟ್ಟು ಕುಳಿತಿರುತ್ತಾನೆ. ತಾಯಿ ಹರಕೆ ಹೊತ್ತಳು, ತಂದೆ ತಾಯಿತ ಕಟ್ಟಿಸಿದ. ಕೊನೆಗೆ ಯಾರೋ ಬಲ್ಲವರು ಹೇಳಿ, ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಮಾತ್ರೆ ನುಂಗಿ ಹುಡುಗ ಚೇತರಿಸಿಕೊಂಡ. ಮೂರನೆಯ ತಿಂಗಳು ನಾಟಿಯ ಕೆಲಸ ಬಂತು. ಒಂದು ದಿನದ ಕೂಲಿ ಬಿಟ್ಟು, ಇಬ್ಬರ ಬಸ್ ಚಾರ್ಜು ಹೊಂದಿಸಿಕೊಂಡು ಹೋಗುವುದು ಆಗಲಿಲ್ಲ. ಮಾತ್ರೆ ಮುಗಿಯಿತು, ಕಾಯಿಲೆ ಮರಳಿತು.

ಈ ಮನೆ ಕಲ್ಪಿತವೇ ಸರಿ. ಆದರೆ ಇಂಥದೊಂದು ಮನೆ ತಮ್ಮ ಬಂಧುಬಳಗದಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ನಿಮ್ಮಲ್ಲಿ ಎಷ್ಟು ಮಂದಿ? 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಹತ್ತಕ್ಕೆ ಒಬ್ಬರಂತೆ ಒಂದಲ್ಲ ಒಂದು ಮನೋವ್ಯಾಧಿಯಿಂದ ಬಳಲುತ್ತಿದ್ದರು. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಮೀರಿದವರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಮಾತ್ರೆ ದುಬಾರಿಯೆಂದು ಮಾತ್ರ ಹೀಗಾಯಿತೆನ್ನಲಾಗದು. ಅನೇಕ ವೇಳೆ ಮಾತ್ರೆಗಿಂತ ದಾರಿ ದುಬಾರಿ.

ದಾರಿಯನ್ನು ಮೊಟಕು ಮಾಡುವುದು ಹೇಗೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ನಮ್ಮ ನಾಡಿನವರು ಮುಂಚೂಣಿಯಲ್ಲಿದ್ದರೆಂಬುದು ಹೆಮ್ಮೆಯ ಸಂಗತಿ. 1970ರ ದಶಕದ ನಡುವೆ ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಗರ ನಡುವೆಯೇ ಕೆಲಸ ಆರಂಭಿಸಿದರು. 1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಆದರೆ ಕಾಗದದ ಮೇಲಿನ ಕಾರ್ಯಕ್ರಮ ಒಂದು ಇಡೀ ಜಿಲ್ಲೆಯಲ್ಲಿ ನಡೆದೀತೆ? ಅದನ್ನು ಪರೀಕ್ಷಿಸಲು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡರು. ಸುಮಾರು 15 ಲಕ್ಷ ಜನರಿದ್ದ ಆ ಜಿಲ್ಲೆಯಲ್ಲಿ ಹೊಸ ಹುಚ್ಚಾಸ್ಪತ್ರೆಯನ್ನೇನೂ ಕಟ್ಟಲಿಲ್ಲ. ಜ್ವರ, ಭೇದಿ ನೋಡುತ್ತಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರು. ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಕಾಯಿಲೆಯ ಗುರುತು ಹೇಳಿಕೊಟ್ಟರು. ಕೆಲವೇ ಬಗೆಯ ಅಗತ್ಯ ಮಾತ್ರೆಗಳನ್ನು ಆ ಕೇಂದ್ರಗಳಲ್ಲಿ ಇಟ್ಟರು. ಸರಳವಾದ ದಾಖಲೆ ಪುಸ್ತಕ ತೆರೆದರು. ಹೇಳಿದರೆ ಇಷ್ಟೆ. ಆದರೆ ಮುಂದೆ ದೇಶಕ್ಕೆಲ್ಲ ಇದೇ 'ಬಳ್ಳಾರಿ ಮಾದರಿ' ಆಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲಿಗೆ ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು; ಒಂಬತ್ತನೆಯ ಪಂಚವಾರ್ಷಿಕ ಯೋಜನೆಯಲ್ಲಿ ಅದಕ್ಕೆ 28 ಕೋಟಿ ರೂಪಾಯಿ ಒದಗಿಸಿ, 27 ಜಿಲ್ಲೆಗಳಿಗೆ ವಿಸ್ತರಿಸಿತು.

ಹಣ ಬಂತಲ್ಲ, ಇನ್ನೇನು ಎನ್ನುವಿರೋ? ತೊಡಕು ಅಲ್ಲಿಯೇ ಇದ್ದದ್ದು. ಐದು ವರ್ಷ ಕೇಂದ್ರ ಕೊಡುವುದು, ಅನಂತರ ರಾಜ್ಯ ವಹಿಸಿಕೊಳ್ಳುವುದು ಎಂಬುದು ಏರ್ಪಾಟು. ಎಷ್ಟೋ ಕಡೆ ಹಣ ತಡವಾಗಿ ಬಂತು, ಬಂದದ್ದು ಖರ್ಚಾಗದೆ ಉಳಿಯಿತು, ಮನೋವೈದ್ಯರು ಸಿಗಲಿಲ್ಲ, ಐದು ವರ್ಷ ಮುಗಿದ ಮೇಲೆ ಕೆಲಸವೇ ಕುಂಟಿತು. ನಮ್ಮಲ್ಲಿ ಹೊಸ ಪ್ರಯೋಗಕ್ಕೆ ಉದ್ಘಾಟನೆಯುಂಟು, ಹಾರವುಂಟು. ಆರನೆಯ ವರ್ಷ ಆ ಪ್ರಯೋಗವನ್ನು ಸಾಕುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಕಡತದಲ್ಲಿ ಜಾಗವಿರುವುದಿಲ್ಲ. ರಸ್ತೆಗೆ ಕೊಟ್ಟ ಹಣ ಒಂದು ವರ್ಷ ನಿಂತರೆ ಡಾಂಬರು ಕಿತ್ತೀತು. ಮಾತ್ರೆಗೆ ಕೊಟ್ಟ ಹಣ ಒಂದು ತಿಂಗಳು ನಿಂತರೆ ಕುಂಸಿಯ ಆ ಹುಡುಗ ಮತ್ತೆ ಗೋಡೆಗೆ ಕಿವಿ ಕೊಡುತ್ತಾನೆ.

ಇದು ಬರಿಯ ಊಹೆಯಲ್ಲ. ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ, ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಕಾಯಿಲೆಯವರನ್ನು ಹಳ್ಳಿಗಳಲ್ಲಿ ಗುರುತಿಸಿ, ಔಷಧಿ ಒದಗಿಸಿ, ವರ್ಷಗಟ್ಟಲೆ ಅವರ ಸ್ಥಿತಿಗತಿಯನ್ನು ವಿಚಾರಿಸುತ್ತ ಬಂದರು. ಬಿಡದೆ ಔಷಧಿ ತೆಗೆದುಕೊಂಡವರು, ಏನನ್ನೂ ತೆಗೆದುಕೊಳ್ಳದವರಿಗಿಂತ ಮನೆಗೆಲಸ, ದುಡಿಮೆ, ಜನರೊಡನೆ ಬಳಕೆಗಳಲ್ಲಿ ಮೇಲಾಗಿದ್ದರೆಂದು ಕಂಡುಬಂತು. ತೋಟಕ್ಕೆ ಗೊಬ್ಬರ ಹೊತ್ತು ಹಾಕುವಷ್ಟು ಮಗ ಸುಧಾರಿಸಿದರೆ, ಆ ಮನೆಗೆ ಅದೆಷ್ಟು ದೊಡ್ಡ ಭಾಗ್ಯವೆಂದು ಮಲೆನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕ ಸರ್ಕಾರವೂ ಸುಮ್ಮನೆ ಕುಳಿತಿಲ್ಲ. 'ಮನೋಚೈತನ್ಯ' ಎಂಬ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಟು ಮಾಡಿತು. 'ಮಾನಸಧಾರಾ' ಎಂಬ ಹಗಲು ಆರೈಕೆ ಕೇಂದ್ರಗಳನ್ನು ನಡೆಸಲು ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡುವ ಕ್ರಮವನ್ನೂ ತಂದಿತು. ಈ ಎರಡನೆಯದು ನನಗೆ ಹೆಚ್ಚು ಮೆಚ್ಚಿಗೆ. ಕಾಯಿಲೆ ಇಳಿದವನಿಗೆ ಹಗಲು ಹೊತ್ತು ಹೋಗಿ ಕೂರಲು, ಕೈಗೊಂದು ಕೆಲಸ ಕಲಿಯಲು ಜಾಗ ಬೇಡವೆ? ಅವನ ತಾಯಿಗೂ ಅಷ್ಟು ಹೊತ್ತು ಬಿಡುವು ಬೇಡವೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ವಿಚಾರ ನೀವು ತಿಳಿದಿರಬೇಕು. ಅದು 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಸೇವೆಯಲ್ಲಿ ಮನೋಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಅದು ಹೇಳುತ್ತದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲ್ಪಟ್ಟ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ದೊರೆಯಬೇಕೆಂದೂ ವಿಧಿಸುತ್ತದೆ. ಬಳ್ಳಾರಿಯಲ್ಲಿ ಪ್ರಾಥಮಿಕ ಕೇಂದ್ರದಲ್ಲಿಯೇ ಮಾತ್ರೆ ಕೊಟ್ಟು ತೋರಿಸಿದ್ದರು. ಕಾಯಿದೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನಿಂದ ಶುರುವಾಗುತ್ತದೆ. ಹೊಸ ಅನುದಾನ ಬರುವುದಾದರೆ ಆ ಒಂದು ಮೆಟ್ಟಿಲಿಗೇ ಬರಲಿ ಎಂಬುದು ನನ್ನ ಅಭಿಪ್ರಾಯ.

ಅಷ್ಟರೊಳಗೆ ನೀವು ಮಾಡಬಹುದಾದದ್ದುಂಟು. ಮನೆಯಲ್ಲಿ ಅಥವಾ ನೆರೆಯಲ್ಲಿ ಇಂಥ ರೋಗಿ ಇದ್ದರೆ, ಹಳೆಯ ಚೀಟಿಯನ್ನೂ ಖಾಲಿಯಾದ ಮಾತ್ರೆಯ ಹಾಳೆಯನ್ನೂ ಎಸೆಯದೆ ಇಟ್ಟುಕೊಳ್ಳಿ. ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಆ ಮಾತ್ರೆ ಇದೆಯೇ ಎಂದು ಕೇಳಿ. ಇಲ್ಲವಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ. ಹರಕೆ ಬಿಡಬೇಕೆಂದು ನಾನು ಹೇಳುವುದಿಲ್ಲ. ಹರಕೆಯೂ ಇರಲಿ, ಮಾತ್ರೆಯೂ ಇರಲಿ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆ ಹಗಲೂ ರಾತ್ರಿಯೂ ಉಂಟು; ಅದಕ್ಕೆ ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಅದರ ಸಂಖ್ಯೆ 14416. ರೇಡಿಯೋದ ಪಕ್ಕದಲ್ಲಿ ಕ್ಯಾಲೆಂಡರು ನೇತುಹಾಕಿದ್ದರೆ, ಅದರ ಅಂಚಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.