ತಂತಿಯ ಮಾತು, ಇಂಟರ್‌ನೆಟ್ಟಿನ ಮಾತು

(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ಸಾಲ, ಬೀಜ, ಗೊಬ್ಬರದ ಮಾತನ್ನು ಹಿರಿಯರು ಆಡಿದ್ದಾರೆ. ಎಸ್.ಎಸ್.ಎಲ್.ಸಿ. ಓದಿದ ಒಕ್ಕಲುತನದವರಾದ ನಾವು ಫೋನಿನ ಬಗ್ಗೆ ಎರಡು ಮಾತು ಹೇಳುತ್ತೇವೆ. ಯಾಕಂದರೆ ಅದರಲ್ಲಿ ನಮ್ಮದೂ ಒಂದು ತಪ್ಪು ಐತಿ.

ಸಿ-ಡಾಟ್ ಸಂಸ್ಥೆ ನಮ್ಮ ದೇಶದಲ್ಲೇ ತಯಾರಿಸಿದ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ಮೊದಲು ಕುಳಿತದ್ದು 1986ರಲ್ಲಿ, ಪಕ್ಕದ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಧೂಳು, ಬಿಸಿಲು ತಡಕೊಳ್ಳುವ, ಎ.ಸಿ. ಕೋಣೆ ಬೇಡದ ಯಂತ್ರ ಅದು. ಅಲ್ಲಿಂದ ಮುಂದೆ ಹಳ್ಳಿ ಹಳ್ಳಿಗೆ ಫೋನ್ ಬಂತು.

ಆ ಫೋನಿನ ರೀತಿ ಹೀಗೆ. ಇಲಕಲ್ಲಿನಿಂದ ಬಾಗಲಕೋಟೆಗೆ ಕಾಲ್ ಹಚ್ಚಿದರೆ, ಮಾತು ಮುಗಿಯುವ ತನಕ ಒಂದು ದಾರಿ ಅವರಿಬ್ಬರಿಗೇ ಮೀಸಲು. ಸುಮ್ಮನೆ ಕುಂತರೂ ದಾರಿ ಅವರದೇ. ಅದಕ್ಕೇ ದೂರದ ಕಾಲ್ ತುಟ್ಟಿ. ರಾತ್ರಿ ದರ ಇಳಿಯಲಿ ಅಂತ ಎಸ್.ಟಿ.ಡಿ. ಬೂತಿನ ಮುಂದೆ ನಾವೆಲ್ಲ ಕಾದವರೇ.

ಇಂಟರ್‌ನೆಟ್ಟಿನಲ್ಲಿ ಹಾಗಲ್ಲ. ಅಲ್ಲಿ ಮಾತನ್ನು ಸೆಕೆಂಡಿಗೆ ಸುಮಾರು 50 ತುಣುಕು ಮಾಡುತ್ತಾರೆ. ಜೋಳದ ಚೀಲಕ್ಕೆ ನಂಬರು, ವಿಳಾಸ ಬರೆದು ಸಿಕ್ಕ ಗಾಡಿಗೆ ಹಾಕಿದಂತೆ. ಒಂದು ಹುನಗುಂದದ ಮೇಲೆ ಹೋದೀತು, ಇನ್ನೊಂದು ಬಾದಾಮಿ ಸುತ್ತಿ ಹೋದೀತು. ಬಾಗಲಕೋಟೆಯಲ್ಲಿ ನಂಬರಿನ ಪ್ರಕಾರ ಜೋಡಿಸುತ್ತಾರೆ. ತಡವಾಗಿ ಬಂದ ಚೀಲವನ್ನು ಒಗೆಯುತ್ತಾರೆ, ಯಾಕಂದರೆ ಮಾತು ಕಾಯುವುದಿಲ್ಲ. ವಾಟ್ಸಾಪಿನಲ್ಲಿ ಮಾತು ಹರಿದು ಹರಿದು ಕೇಳುವುದು ಇದಕ್ಕೇ. ಒಂದೇ ದಾರಿಯನ್ನು ಸಾವಿರ ಮಂದಿ ಹಂಚಿಕೊಳ್ಳುವುದರಿಂದ ಅಗ್ಗ. ಈಗಿನ 4ಜಿ ಸಾದಾ ಕಾಲ್ ಕೂಡ ತುಣುಕಾಗಿಯೇ ಹೋಗುತ್ತದೆ, ಆದರೆ ಅದಕ್ಕೆ ಕಂಪನಿಯವರು ಮೊದಲು ದಾರಿ ಬಿಡುತ್ತಾರೆ.

ಇನ್ನೊಂದು ದೊಡ್ಡ ವ್ಯತ್ಯಾಸ ಕರೆಂಟಿನದು. ಹಳೆ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಮಾತಾಡುತ್ತಿತ್ತು. ಈಗ ಬರುವ ಫೈಬರ್ ಫೋನಿಗೆ ಮನೆಯ ಕರೆಂಟೇ ಬೇಕು.

ಇದು ನಮಗೆ ತಿಳಿದದ್ದು 2019ರ ಆಗಸ್ಟಿನಲ್ಲಿ. ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕಿನ ಊರುಗಳಿಗೆ ನೀರು ನುಗ್ಗಿತು. ನಮ್ಮಲ್ಲಿ ಕರೆಂಟ್ ಹೋಯಿತು, ಟವರ್ ನಿಂತಿತು, ಕೈಯಾಗಿನ ಮೊಬೈಲ್ ಸತ್ತವು. ಮಂಗಳೂರು, ಗೋವಾಕ್ಕೆ ದುಡಿಯಲು ಹೋದ ಮಕ್ಕಳಿಗೆ “ನಾವು ಜೀವಂತ ಇದ್ದೇವೆ” ಅನ್ನಲೂ ಆಗಲಿಲ್ಲ. ತಾಯಂದಿರು ಸಂಘದ ಬಾಗಿಲಿಗೆ ಬಂದು, “ಸಾಹೇಬ್ರ, ಇಲ್ಲೊಂದು ಫೋನಿತ್ತಲ್ರಿ?” ಅಂದರು. ಇತ್ತು. ಬಿಲ್ಲು ದಂಡ ಅಂತ ನಾವೇ ನಿರ್ದೇಶಕರು ಠರಾವು ಮಾಡಿ ತೆಗೆಸಿದ್ದೆವು. ಕೊನೆಗೆ ಮೂರು ಕಿಲೋಮೀಟರ್ ಕೆಸರು ತುಳಿದು, ಪಕ್ಕದ ಊರಿನ ಒಂದು ಮನೆಯ ತಂತಿ ಫೋನಿನಿಂದ ಸುದ್ದಿ ಮುಟ್ಟಿಸಿದೆವು. ಕಂಬ ಬಿದ್ದಿದ್ದರೆ ಅದೂ ಮೂಕವೇ, ಒಪ್ಪುತ್ತೇವೆ.

ಹೊಸದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಒಂದನ್ನೇ ನಂಬಬೇಡಿರಿ. ಸಂಘದಲ್ಲಿ ಸೋಲಾರ್ ಬ್ಯಾಟರಿ, ಎರಡು ಬೇರೆ ಕಂಪನಿಯ ಸಿಮ್, ಮಕ್ಕಳ ನಂಬರು ಬರೆದ ಒಂದು ವಹಿ ಇರಲಿ. ವಾಟ್ಸಾಪಿನಿಂದ 112ಕ್ಕೆ ಕಾಲ್ ಹೋಗುವುದಿಲ್ಲ, ಸಾದಾ ಕಾಲ್ ಮಾಡಿರಿ ಎಂದು ಮನೆಯಲ್ಲಿ ಹೇಳಿರಿ.

ಈ ಠರಾವನ್ನು ಇದೇ ವರ್ಷ ಮಾಡೋಣವೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ.