ಕಾಗದದ ಕಡೂರು, ಹೆಳವರ ಊರು

ಅಜ್ಜನ ಹಳೆಯ ಕಾಗದವೊಂದರಲ್ಲಿ ‘ಕಡೂರು ಜಿಲ್ಲೆ’ ಎಂದಿದೆ ಎಂದುಕೊಳ್ಳಿ. ಮೊಮ್ಮಗ ನೇರವಾಗಿ ಕಡೂರಿಗೆ ಬಂದು ವಿಚಾರಿಸುತ್ತಾನೆ. ಆ ಮನೆತನ ಇಲ್ಲಿ ಇರಲೇ ಇಲ್ಲ ಎನ್ನುತ್ತಾರೆ. ತಪ್ಪು ಯಾರದೂ ಅಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಅದು ಬದಲಾದದ್ದು 1947ರಲ್ಲಿ. ಅಜ್ಜ ತೆಂಗಿನ ಸೀಮೆಯ ಕಡೂರಿನವನಿರಬಹುದು, ಮಲೆನಾಡಿನ ಕೊಪ್ಪದವನೂ ಇರಬಹುದು. ತರೀಕೆರೆಯಿಂದ ಬೇರ್ಪಟ್ಟು ಅಜ್ಜಂಪುರ ಈಗ ತಾಲ್ಲೂಕಾಗಿದೆ. ಮುಂದಿನ ತಲೆಮಾರಿಗೂ ಇದೇ ಫಜೀತಿ ತಪ್ಪಿದ್ದಲ್ಲ.

ಅಮೆರಿಕದಲ್ಲೂ ಇದೇ ಕಥೆ. 18ನೇ ಶತಮಾನದಲ್ಲಿ ಸಾವಿರಾರು ಜರ್ಮನ್ ಕುಟುಂಬಗಳು ಹಾಲೆಂಡಿನ ರಾಟರ್‌ಡ್ಯಾಂ ಬಂದರಿನಲ್ಲಿ ಹಡಗು ಹತ್ತಿ, ಆಗ ಬ್ರಿಟಿಷರ ವಸಾಹತಾಗಿದ್ದ ಪೆನ್ಸಿಲ್ವೇನಿಯಕ್ಕೆ ಹೋದವು. 1727ರಿಂದ ಫಿಲಡೆಲ್ಫಿಯದಲ್ಲಿ ಇಳಿದ ವಯಸ್ಕ ಗಂಡಸರು ರಾಜನಿಷ್ಠೆಯ ಪ್ರಮಾಣ ಮಾಡಿ ರುಜು ಹಾಕಬೇಕಾಯಿತು. ಆ ಪಟ್ಟಿಗಳು 1934ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದವು. ಆದರೆ ಹೊರಟ ಬಂದರು ಸಿಕ್ಕರೂ ಹುಟ್ಟಿದ ಹಳ್ಳಿ ಅವುಗಳಲ್ಲಿ ಸಿಗುವುದು ಅಪರೂಪ. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದರು. ಮ್ಯುಲ್ಲರ್ ಮುಂದೆ ಮಿಲ್ಲರ್ ಆದ. ಆಗಿನ ಇಂಗ್ಲಿಷಿನಲ್ಲಿ ಜರ್ಮನರನ್ನೂ ‘ಡಚ್’ ಎನ್ನುತ್ತಿದ್ದರಿಂದ, ಜರ್ಮನ್ ಸಂತತಿಗೆ ‘ಪೆನ್ಸಿಲ್ವೇನಿಯ ಡಚ್ಚರು’ ಎಂಬ ಹೆಸರೇ ನಿಂತಿತು. ಅದನ್ನು ನಂಬಿ ಹಾಲೆಂಡಿನಲ್ಲಿ ಬೇರು ಹುಡುಕಿದರೆ ಸಿಗುವುದೇನು? ಅಲ್ಲಿನವರಿಗೆ ಕಡೆಗೆ ಕೈಹಿಡಿಯುವುದು ಚರ್ಚಿನ ದಾಖಲೆ, ಮನೆಯ ಬೈಬಲ್ಲಿನ ಖಾಲಿ ಹಾಳೆಯಲ್ಲಿ ಬರೆದಿಟ್ಟ ಹುಟ್ಟು-ಸಾವು.

ನಮ್ಮ ಸೀಮೆಯಲ್ಲಿ ಆ ಕೆಲಸ ಮಾಡಿದವರು ಹೆಳವರು. ಹೆಳವ ಎಂದರೆ ಕುಂಟ. ಕುಂಟನಾದ ಮೂಲಪುರುಷ ಎತ್ತಿನ ಮೇಲೆ ಕೂತು ಊರೂರು ತಿರುಗಿದನೆಂದು ಅವರ ಐತಿಹ್ಯ. ಕೆಲವು ವರ್ಷಗಳಿಗೊಮ್ಮೆ ಬಂದು ಜಗುಲಿಯ ಮುಂದೆ ನಿಂತು, ಮನೆತನದ ಮೂಲ, ಯಾವ ಊರಿನಿಂದ ಯಾಕೆ ಎದ್ದು ಬಂದರು, ಯಾರಿಗೆ ಯಾರು ಮಗ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸುತ್ತಾರೆ. ಕಾಳು, ಬಟ್ಟೆ, ದುಡ್ಡು ಅವರ ಸಂಭಾವನೆ. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೇನು, ಅವರಿಗೆ ಬೇಕಾದದ್ದು ಊರು ಮತ್ತು ಒಕ್ಕಲು.

ಹಾಗೆಂದು ಅದನ್ನೇ ಕಣ್ಣುಮುಚ್ಚಿ ನಂಬಬೇಕಿಲ್ಲ. ಸಂಭಾವನೆ ಕೊಡುವವರ ಮುಂದೆ ಹೊಗಳಿಕೆ ತುಸು ಹೆಚ್ಚಾಗುವುದು ಸಹಜ. ಅಲ್ಲದೆ ಈ ಬಳ್ಳಿ ಹೆಚ್ಚಾಗಿ ಗಂಡು ಸಂತತಿಯ ಹಾದಿಯಲ್ಲೇ ಹಬ್ಬುತ್ತದೆ. ಫಿಲಡೆಲ್ಫಿಯದ ರುಜುಗಳಲ್ಲೂ ಹೆಂಗಸರಿಲ್ಲ. ಅಜ್ಜಿಯ ತವರು ಯಾವುದೆಂದು ಇಲ್ಲಿ ಕುಳಿತವರಲ್ಲಿ ಹಲವರು ಹೇಳಿಯಾರು, ಮುತ್ತಜ್ಜಿಯ ತವರು? ಹೆಳವರ ಮಕ್ಕಳಲ್ಲಿ ಅನೇಕರು ಈಗ ಬೇರೆ ಕಸುಬು ಹಿಡಿದಿದ್ದಾರೆ. ಮುತ್ತಜ್ಜಿಯ ಊರಿನ ಹೆಸರು ಗೊತ್ತಿರುವ ಹಿರಿಯರು ಮನೆಯಲ್ಲಿದ್ದರೆ, ಇವತ್ತು ರಾತ್ರಿ ಊಟವಾದ ಮೇಲೆ ಕೇಳಿ ಬರೆದುಕೊಳ್ಳಿ. ಜಿಲ್ಲೆ, ತಾಲ್ಲೂಕುಗಳ ಜೊತೆಗೆ ಹಳ್ಳಿಯ ಹೆಸರನ್ನೂ ಮರೆಯದೆ ಬರೆಯಿರಿ.