ತುಂಡು ಜೋಡಿಸಿ ಕಟ್ಟಿದ ಒಳಚರಂಡಿ: ಗುಡ್ಡದ ಊರುಗಳಿಗೆ ಒಂದು ಪಾಠ



ಮಣ್ಣಿನಡಿಯಲ್ಲಿ ಹೂತುಹೋಗುವ ಕಾಮಗಾರಿಗಳ ಬಗ್ಗೆ ಸಾರ್ವಜನಿಕ ಚರ್ಚೆ ನಡೆಯುವುದು ಅಪರೂಪ. ಸೇತುವೆ ಬಿರುಕು ಬಿಟ್ಟರೆ ಊರಿಗೆಲ್ಲ ಕಾಣುತ್ತದೆ. ಒಳಚರಂಡಿ ಬಿರುಕು ಬಿಟ್ಟರೆ ಬಾವಿಯ ನೀರು ಕೆಡುವ ತನಕ ಯಾರಿಗೂ ತಿಳಿಯುವುದಿಲ್ಲ. ಮಲೆನಾಡಿನ ಸಣ್ಣ ಪಟ್ಟಣಗಳಲ್ಲೂ ಒಳಚರಂಡಿಯ ಬೇಡಿಕೆ ಕೇಳಿಬರುತ್ತಿರುವ ಕಾಲದಲ್ಲಿ, ಅದನ್ನು ಯಾವುದರಿಂದ ಕಟ್ಟಬೇಕು, ಹೇಗೆ ಕಟ್ಟಬೇಕು, ಅದರ ಕೊನೆ ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಎಂಜಿನಿಯರುಗಳಿಗೆ ಮಾತ್ರ ಬಿಟ್ಟುಕೊಡುವುದು ವಿವೇಕವಲ್ಲ. ಈ ಪ್ರಶ್ನೆಗಳಿಗೆ ಹಳೆಯ ಕಾಲದ ಒಂದು ಕಟ್ಟುವ ವಿಧಾನ ಕುತೂಹಲಕರವಾದ ಉತ್ತರಗಳನ್ನು ಕೊಡುತ್ತದೆ. ಅದು ಒಂದಕ್ಕೊಂದು ಕಚ್ಚಿಕೊಳ್ಳುವ ತುಂಡುಗಳನ್ನು ಜೋಡಿಸಿ ಒಳಚರಂಡಿ ಕಟ್ಟುವ ವಿಧಾನ.

ತುಂಡುಗಳಿಂದ ಚರಂಡಿ ಕಟ್ಟುವುದು ಹೊಸ ಸಂಗತಿಯೇನಲ್ಲ. ಸುಮಾರು 4500 ವರ್ಷಗಳ ಹಿಂದೆಯೇ ಮೊಹೆಂಜೊದಾರೊದ ಬೀದಿಗಳಲ್ಲಿ ಸುಟ್ಟ ಇಟ್ಟಿಗೆಯ ಮುಚ್ಚಿದ ಚರಂಡಿಗಳಿದ್ದವು. ದೊಡ್ಡ ಪ್ರಮಾಣದಲ್ಲಿ ಈ ವಿದ್ಯೆ ಪರೀಕ್ಷೆಗೆ ಒಳಗಾದದ್ದು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಪಾರ್ಲಿಮೆಂಟಿನ ಸದಸ್ಯರನ್ನೇ ತಟ್ಟಿದಾಗ, ವರ್ಷಗಳಿಂದ ಕುಂಟುತ್ತಿದ್ದ ಯೋಜನೆಗೆ ಕೆಲವೇ ದಿನಗಳಲ್ಲಿ ಒಪ್ಪಿಗೆ ದೊರೆಯಿತು. ಮುಖ್ಯ ಎಂಜಿನಿಯರ್ ಜೋಸೆಫ್ ಬಜಲ್ಗೆಟ್ 1859ರಿಂದ ಕೆಲಸ ಆರಂಭಿಸಿ ಸುಮಾರು 132 ಕಿಲೋಮೀಟರ್ ಉದ್ದದ ಮುಖ್ಯ ಒಳಚರಂಡಿಗಳನ್ನು ಕಟ್ಟಿಸಿದರು. ಅದಕ್ಕೆ ಬಳಕೆಯಾದ ಇಟ್ಟಿಗೆಗಳ ಸಂಖ್ಯೆಯನ್ನು 31 ಕೋಟಿ 80 ಲಕ್ಷ ಎಂದು ಲೆಕ್ಕಹಾಕಲಾಗಿದೆ. ಸುಣ್ಣದ ಗಾರೆಯ ಬದಲು ಆಗಿನ್ನೂ ಹೊಸದಾಗಿದ್ದ ಪೋರ್ಟ್‌ಲ್ಯಾಂಡ್ ಸಿಮೆಂಟನ್ನು ಬಳಸಿದ್ದು, ಬಂದ ಸಿಮೆಂಟನ್ನು ಸ್ಥಳದಲ್ಲೇ ಪರೀಕ್ಷಿಸಿ ಕಳಪೆಯಾದದ್ದನ್ನು ಹಿಂದಕ್ಕೆ ಕಳಿಸಿದ್ದು ಆ ಕೆಲಸದ ಬಾಳಿಕೆಯ ಗುಟ್ಟುಗಳಲ್ಲಿ ಒಂದು.

ಆ ಚರಂಡಿಗಳಲ್ಲಿ ಹಲವು ಮೊಟ್ಟೆಯ ಆಕಾರದವು. ಕಿರಿದಾದ ತುದಿ ಕೆಳಗೆ. ಇದು ಅಂದಕ್ಕಾಗಿ ಮಾಡಿದ್ದಲ್ಲ. ನೀರು ಕಡಿಮೆಯಿದ್ದಾಗ ಅಗಲವಾದ ತಳದಲ್ಲಿ ಅದು ತೆಳುವಾಗಿ ಹರಡಿ ನಿಧಾನವಾಗುತ್ತದೆ, ಕಸ ಅಲ್ಲೇ ಕೂರುತ್ತದೆ. ಕಿರಿದಾದ ತಳದಲ್ಲಿ ಅಷ್ಟೇ ನೀರು ಆಳವಾಗಿ, ವೇಗವಾಗಿ ಹರಿದು ತನ್ನ ಕಸವನ್ನು ತಾನೇ ಒಯ್ಯುತ್ತದೆ. ಸೆಕೆಂಡಿಗೆ ಸುಮಾರು ಎರಡು ಅಡಿ ವೇಗವಿದ್ದರೆ ಚರಂಡಿ ತನ್ನನ್ನು ತಾನು ತೊಳೆದುಕೊಳ್ಳುತ್ತದೆ ಎಂಬುದು ಇಂದಿಗೂ ಎಂಜಿನಿಯರುಗಳು ಒಪ್ಪುವ ಸ್ಥೂಲ ನಿಯಮ.

ಇಟ್ಟಿಗೆಯ ಚರಂಡಿಗೆ ಒಂದು ದೌರ್ಬಲ್ಯವಿತ್ತು. ಇಟ್ಟಿಗೆ ಚಿಕ್ಕದು, ಆದ್ದರಿಂದ ಕೀಲುಗಳು ಲೆಕ್ಕವಿಲ್ಲದಷ್ಟು. ಪ್ರತಿ ಕೀಲೂ ಗಾರೆಯನ್ನು ನಂಬಿ ನಿಂತಿರುತ್ತದೆ. ಇನ್ನೊಂದೆಡೆ, ಜೇಡಿಮಣ್ಣನ್ನು ಗಾಜಿನಂತೆ ಬಿಗಿಯಾಗುವವರೆಗೆ ಸುಟ್ಟು ಮಾಡಿದ ಸ್ಟೋನ್‌ವೇರ್ ಪೈಪು ನೀರನ್ನು ಹೀರದು, ಆಮ್ಲಕ್ಕೆ ಕರಗದು. ಆದರೆ ಬಲು ದೊಡ್ಡ ವ್ಯಾಸದ ಪೈಪನ್ನು ಬಿರಿಯದಂತೆ, ಸೊಟ್ಟಗಾಗದಂತೆ ಗೂಡಿನಲ್ಲಿ ಸುಡುವುದು ಕಷ್ಟ. ಹಾಗಾದರೆ ದೊಡ್ಡ ಚರಂಡಿಯನ್ನು ಸುಟ್ಟ ಮಣ್ಣಿನಿಂದ ಮಾಡುವುದೆಂತು? ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ನಗರಗಳಲ್ಲಿ ಕಂಡುಕೊಂಡ ಉತ್ತರ ಸರಳವಾದದ್ದು: ಪೈಪನ್ನು ಉದ್ದಕ್ಕೆ ಸೀಳಿದಂತೆ ಹೋಳುಗಳಾಗಿ ಸುಡುವುದು, ತೋಡಿನಲ್ಲಿ ಅವನ್ನು ಜೋಡಿಸಿ ಬಳೆಯಾಗಿಸುವುದು.

ಜೋಡಣೆಯ ತತ್ವ ಕರಾವಳಿ, ಮಲೆನಾಡಿನವರಿಗೆ ಅಪರಿಚಿತವಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮನೆಮನೆಯ ಮಾಡನ್ನೇರಿದ ಮಂಗಳೂರು ಹಂಚು ಇದೇ ಜಾತಿಯದು. ಒಂದು ಹಂಚಿನ ಏಣು ಪಕ್ಕದ ಹಂಚಿನ ಚಡಿಯಲ್ಲಿ ಕೂರುತ್ತದೆ. ಗಾರೆಯಿಲ್ಲದೆಯೂ ಮಳೆ ಒಳಗಿಳಿಯುವುದಿಲ್ಲ. ಚರಂಡಿಯ ಹೋಳುಗಳಲ್ಲೂ ಒಂದು ಅಂಚಿನಲ್ಲಿ ಏಣು, ಎದುರಿನ ಅಂಚಿನಲ್ಲಿ ಚಡಿ. ಹಂಚಿಗೆ ಮೇಲಿನ ಮಳೆಯನ್ನು ಜಾರಿಸುವ ಕೆಲಸವಷ್ಟೆ. ಚರಂಡಿಯ ಹೋಳು ಮೇಲಿನ ಮಣ್ಣಿನ ಭಾರವನ್ನೂ ಹೊರಬೇಕು, ಒಳಗಿನ ನೀರನ್ನೂ ತಡೆಯಬೇಕು. ಆದ್ದರಿಂದ ಇಲ್ಲಿ ಏಣು ಚಡಿಗಳ ಜೊತೆಗೆ ಸಿಮೆಂಟಿನ ಗಾರೆಯೂ ಬೇಕು.

ಕಟ್ಟುವ ಕ್ರಮ ಹೀಗೆ. ತೋಡಿನ ತಳವನ್ನು ಚರಂಡಿಯ ಹೊರಮೈಯ ಆಕಾರಕ್ಕೆ ಹೊಂದುವಂತೆ ಕೆತ್ತಿ ಕೆಳಗಿನ ಅರ್ಧವನ್ನು ಮೊದಲು ಕೂರಿಸುತ್ತಾರೆ. ಮೇಲಿನ ಅರ್ಧಕ್ಕೆ ಮರದ ಅಚ್ಚಿನ ಆಸರೆ ಕೊಟ್ಟು, ಎರಡು ಬದಿಯಿಂದ ಹೋಳುಗಳನ್ನು ಏರಿಸುತ್ತ ಬಂದು ನೆತ್ತಿಯಲ್ಲಿ ಕೊನೆಯ ಹೋಳನ್ನು ಬಿಗಿಯುತ್ತಾರೆ. ಗೋಡೆಯ ಇಟ್ಟಿಗೆಯಲ್ಲಿ ಮಾಡುವಂತೆ ಒಂದು ಸಾಲಿನ ಕೀಲು ಮುಂದಿನ ಸಾಲಿನ ಕೀಲಿಗೆ ಎದುರಾಗದಂತೆ ತಪ್ಪಿಸಿ ಇಡುತ್ತಾರೆ. ಇದರಿಂದ ಒಂದೆಡೆ ಬಿದ್ದ ಬಿರುಕು ನೇರಗೆರೆಯಾಗಿ ಉದ್ದಕ್ಕೂ ಓಡದು. ಹೋಳುಗಳು ಹಗುರವಾದುದರಿಂದ ದೊಡ್ಡ ಯಂತ್ರಗಳು ಹೋಗಲಾಗದ ಇಕ್ಕಟ್ಟಿನ ಬೀದಿಗೂ ಹೊತ್ತೊಯ್ಯಬಹುದು.

ಇಂಥ ಬಳೆ ನಿಲ್ಲುವುದು ಕಮಾನಿನ ಬಲದಿಂದ. ಮೇಲಿನ ಮಣ್ಣು ಒತ್ತಿದಷ್ಟೂ ಹೋಳುಗಳು ಒಂದನ್ನೊಂದು ಬಿಗಿಯಾಗಿ ಅಮುಕುತ್ತವೆ. ಸುಟ್ಟ ಮಣ್ಣು ಅಮುಕುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಎರಡು ಪಕ್ಕಗಳಲ್ಲಿ ತುಂಬಿದ ಮಣ್ಣು ಗಟ್ಟಿಯಾಗಿದ್ದರೆ ಮಾತ್ರ ಬಳೆ ದುಂಡಗೆ ಉಳಿಯುತ್ತದೆ. ಪಕ್ಕದ ಮಣ್ಣು ಸಡಿಲವಾದರೆ ಬಳೆ ಅಡ್ಡಕ್ಕೆ ಹಿಗ್ಗಿ ಚಪ್ಪಟೆಯಾಗುತ್ತದೆ, ಕೀಲುಗಳು ಬಾಯಿ ಬಿಡುತ್ತವೆ. ಹಾಗಾಗಿ ಚರಂಡಿಯ ಬಲದ ಅರ್ಧಪಾಲು ಹೋಳಿನಲ್ಲಿದ್ದರೆ ಉಳಿದರ್ಧ ಸುತ್ತಲಿನ ಮಣ್ಣಿನಲ್ಲಿದೆ.

ಗುಡ್ಡದ ಊರಿಗೆ ಎಚ್ಚರಿಕೆ ಇರುವುದು ಇಲ್ಲಿಯೇ. ಬಯಲಿನಲ್ಲಿ ಚರಂಡಿಯ ಎರಡು ಪಕ್ಕಕ್ಕೂ ಸಮನಾದ ಆಸರೆ ಸಿಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ತೋಡು ತೆಗೆದರೆ ಮೇಲಿನ ಬದಿಯ ಗುಡ್ಡ ಒತ್ತುತ್ತದೆ, ಕೆಳಗಿನ ಬದಿಯ ಆಸರೆ ತೆಳುವಾಗಿರುತ್ತದೆ. ಜೊತೆಗೆ, ಸಡಿಲವಾಗಿ ಮುಚ್ಚಿದ ತೋಡು ಮಳೆಗಾಲದಲ್ಲಿ ತಾನೇ ಕಾಲುವೆಯಾಗಿ ನೀರನ್ನು ಗುಡ್ಡದ ಒಡಲಿಗೆ ಇಳಿಸುತ್ತದೆ. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡಗಳು ಕುಸಿದುದನ್ನು ಕಂಡ ಜನರಿಗೆ, ಇಳಿಜಾರನ್ನು ಕಡಿಯುವ ಪ್ರತಿ ಕಾಮಗಾರಿಯನ್ನೂ ಪ್ರಶ್ನಿಸುವ ಹಕ್ಕಿದೆ. ಒಳಚರಂಡಿ ಒಳ್ಳೆಯ ಉದ್ದೇಶದ ಕೆಲಸವೆಂಬ ಕಾರಣಕ್ಕೆ ಅದಕ್ಕೆ ರಿಯಾಯಿತಿ ಕೊಡಲಾಗದು.

ಇನ್ನು ಕೀಲುಗಳ ವಿಷಯ. ವರ್ಷಕ್ಕೆ ಮೂರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಅಂತರ್ಜಲ ಮಳೆಗಾಲದಲ್ಲಿ ಚರಂಡಿಗಿಂತ ಮೇಲೆ ಬರುತ್ತದೆ. ಆಗ ಬಿಟ್ಟ ಕೀಲಿನಿಂದ ಶುದ್ಧನೀರು ಚರಂಡಿಯೊಳಗೆ ನುಗ್ಗಿ ಶುದ್ಧೀಕರಣ ಘಟಕದ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಬೇಸಗೆಯಲ್ಲಿ ಅಂತರ್ಜಲ ಇಳಿದಾಗ ಅದೇ ಕೀಲಿನಿಂದ ಕೊಳಕು ಹೊರಬಂದು ಬಾವಿಗೆ ಇಳಿಯುತ್ತದೆ. ಒಂದೇ ಬಿರುಕು ಎರಡು ಋತುಗಳಲ್ಲಿ ಎರಡು ಬಗೆಯ ಕೇಡು ಮಾಡುತ್ತದೆ. ಮಲೆನಾಡಿನಲ್ಲಿ ಸುಲಭವಾಗಿ ಸಿಗುವ ಜಂಬಿಟ್ಟಿಗೆ ಮನೆಯ ಗೋಡೆಗೆ ಒಳ್ಳೆಯದಾದರೂ ಅದರ ಮೈಯೆಲ್ಲ ರಂಧ್ರಗಳು. ಅದರಿಂದ ಕೊಳಕು ನೀರಿನ ಚರಂಡಿ ಕಟ್ಟುವುದೆಂದರೆ ಇಂಗುಗುಂಡಿಯನ್ನೇ ಉದ್ದಕ್ಕೆ ಕಟ್ಟಿದಂತೆ.

ಹ್ಯೂಮ್ ಪೈಪು ಇರುವಾಗ ಸುಟ್ಟ ಮಣ್ಣಿನ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಸಿಮೆಂಟು ಕಾಂಕ್ರೀಟಿನ ಚರಂಡಿಗೆ ಒಳಗಿನಿಂದಲೇ ಒಬ್ಬ ಶತ್ರುವಿದ್ದಾನೆ. ನಿಧಾನವಾಗಿ ಹರಿಯುವ, ಗಾಳಿಯಾಡದ ಕೊಳಕಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉಂಟುಮಾಡುತ್ತವೆ. ಅದು ಮೇಲೇರಿ ಚರಂಡಿಯ ತೇವದ ನೆತ್ತಿಯಲ್ಲಿ ತಂಗುತ್ತದೆ. ಅಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲವಾಗಿಸುತ್ತವೆ. ಆಮ್ಲ ಸಿಮೆಂಟನ್ನು ಹಿಟ್ಟಿನಂತೆ ಉದುರಿಸುತ್ತದೆ. ಈ ಕ್ರಿಯೆಯಲ್ಲಿ ಬ್ಯಾಕ್ಟೀರಿಯಾಗಳ ಪಾತ್ರವನ್ನು 1945ರಲ್ಲಿ ಆಸ್ಟ್ರೇಲಿಯಾದ ಸಿ. ಡಿ. ಪಾರ್ಕರ್ ತೋರಿಸಿಕೊಟ್ಟರು. ಬಿಗಿಯಾಗಿ ಸುಟ್ಟ ಮಣ್ಣನ್ನು ಈ ಆಮ್ಲ ಮುಟ್ಟದು. ಆದರೆ ಹೋಳುಗಳ ನಡುವಿನ ಸಿಮೆಂಟು ಗಾರೆಯನ್ನು ಮುಟ್ಟುತ್ತದೆ. ಎಲ್ಲ ದೃಷ್ಟಿಯಿಂದಲೂ ಕೀಲೇ ಈ ವಿಧಾನದ ಪ್ರಾಣ, ಕೀಲೇ ಅದರ ಮರಣ.

ಸಿಮೆಂಟನ್ನು ತಿನ್ನುವ ಈ ಅನಿಲವೇ ಮ್ಯಾನ್‌ಹೋಲಿಗೆ ಇಳಿದ ಮನುಷ್ಯನನ್ನೂ ಕೊಲ್ಲುತ್ತದೆ. ಹೆಚ್ಚು ಪ್ರಮಾಣದಲ್ಲಿದ್ದಾಗ ಅದು ಮೂಗಿನ ಶಕ್ತಿಯನ್ನೇ ಮೊದಲು ಕುಂದಿಸುವುದರಿಂದ ವಾಸನೆಯ ಎಚ್ಚರಿಕೆಯೂ ಸಿಗುವುದಿಲ್ಲ. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1993ರಲ್ಲಿ ಮತ್ತು 2013ರಲ್ಲಿ ಕೇಂದ್ರದ ಕಾನೂನುಗಳು ಬಂದವು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ. ತಪ್ಪು ಇಳಿಜಾರಿನಲ್ಲಿ ಹಾಕಿದ, ಕಸ ಕಟ್ಟಿಕೊಳ್ಳುವ ಚರಂಡಿ ಒಂದು ದಿನ ಯಾರನ್ನೋ ಒಳಗೆ ಇಳಿಸಿಯೇ ತೀರುತ್ತದೆ. ಇಳಿಯುವವರು ಯಾವ ಜಾತಿಯವರೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಇಳಿಜಾರಿನ ಲೆಕ್ಕವು ಕೇವಲ ಗಣಿತವಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಮೂರನೆಯ ಪ್ರಶ್ನೆ ಉಳಿಯಿತು: ಚರಂಡಿಯ ಕೊನೆ ಎಲ್ಲಿ? ಲಂಡನ್ನಿನ ಕಥೆಯ ದ್ವಿತೀಯಾರ್ಧ ಇದಕ್ಕೆ ಉತ್ತರ ಹೇಳುತ್ತದೆ. 1866ರಲ್ಲಿ ಕಾಲರಾ ಮರಳಿ ಬಂದಾಗ ಅದು ಮುಖ್ಯವಾಗಿ ಹರಡಿದ್ದು ಹೊಸ ಚರಂಡಿಯ ಕೆಲಸ ಇನ್ನೂ ಮುಗಿಯದಿದ್ದ ನಗರದ ಪೂರ್ವಭಾಗದಲ್ಲಿ. ಚರಂಡಿ ಪ್ರಾಣ ಉಳಿಸಿತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಕೊಳಕನ್ನು ಶುದ್ಧ ಮಾಡಲಿಲ್ಲ, ನಗರದ ಕೆಳಗಿನ ನದಿಗೆ ಒಯ್ದು ಸುರಿಯಿತಷ್ಟೆ. 1878ರಲ್ಲಿ 'ಪ್ರಿನ್ಸೆಸ್ ಅಲೀಸ್' ಎಂಬ ಪ್ರಯಾಣಿಕರ ಹಡಗು ಆ ಚರಂಡಿಯ ಬಾಯಿಯ ಸಮೀಪದಲ್ಲೇ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತಾಗ, ಅವರು ಬಿದ್ದದ್ದು ಹೊಲಸು ತುಂಬಿದ ನೀರಿಗೆ. ಅನಂತರ ಗಸಿಯನ್ನು ಬೇರ್ಪಡಿಸಿ ಹಡಗಿನಲ್ಲಿ ಸಮುದ್ರಕ್ಕೆ ಒಯ್ದು ಸುರಿಯತೊಡಗಿದರು. ಆ ಪದ್ಧತಿ ನಿಂತದ್ದು 1998ರಲ್ಲಿ. ಮಳೆ ಬಂದಾಗ ಚರಂಡಿ ಉಕ್ಕಿ ನದಿ ಸೇರುವುದನ್ನು ತಡೆಯಲು 25 ಕಿಲೋಮೀಟರ್ ಉದ್ದದ ಹೊಸ ಸುರಂಗವೊಂದನ್ನು ಕಟ್ಟಿ, 2025ರ ಫೆಬ್ರವರಿಯಲ್ಲಿ ಅದಕ್ಕೆ ಎಲ್ಲ ಜೋಡಣೆಗಳನ್ನೂ ಪೂರೈಸಲಾಯಿತು. ಆ ಸುರಂಗದ ಗೋಡೆಯೂ ಕಾಂಕ್ರೀಟಿನ ಹೋಳುಗಳನ್ನು ಬಳೆಯಾಗಿ ಜೋಡಿಸಿದ್ದೇ. ಮಳೆನೀರನ್ನೂ ಕೊಳಕನ್ನೂ ಒಂದೇ ಕೊಳವೆಯಲ್ಲಿ ಹರಿಸಿದ ನಿರ್ಧಾರದ ಸಾಲವನ್ನು ಒಂದೂವರೆ ಶತಮಾನದ ಮೇಲೂ ಆ ನಗರ ತೀರಿಸುತ್ತಿದೆ.

ಮಲೆನಾಡಿನ ಪಟ್ಟಣ ಲಂಡನ್ನಲ್ಲ. ಅದರ ಹೊಳೆ ಚಿಕ್ಕದು. ಕೆಳಗಿನ ಊರು ಅದೇ ಹೊಳೆಯ ನೀರು ಕುಡಿಯುತ್ತದೆ. ಮಳೆನೀರಿಗೆ ತೆರೆದ ಚರಂಡಿ, ಕೊಳಕಿಗೆ ಪ್ರತ್ಯೇಕ ಚಿಕ್ಕ ಕೊಳವೆ ಎಂಬುದು ಇಲ್ಲಿ ಮೊದಲ ನಿಯಮವಾಗಬೇಕು. ಬೇರ್ಪಡಿಸಿದರೆ ಆಳೆತ್ತರದ ಚರಂಡಿಯ ಅಗತ್ಯವೇ ಬೀಳದು; ಬಿಗಿಯಾಗಿ ಕೀಲು ಹಾಕಿದ ಸ್ಟೋನ್‌ವೇರ್ ಪೈಪು ಬಹುಪಾಲು ಬೀದಿಗಳಿಗೆ ಸಾಕು. ಕಡಿದಾದ ಇಳಿಜಾರಿನಲ್ಲಿ ಮರಳು ಬೆರೆತ ನೀರು ಪೈಪನ್ನು ಸವೆಸದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಮನೆಗಳು ಚದುರಿದ ಕಡೆ ಕೊಳವೆಯ ಬದಲು ಜೋಡಿಗುಂಡಿಯ ಶೌಚಾಲಯವೇ ಸರಿ. ಆದರೆ ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲಕ್ಕೂ ನಡುವೆ ಸಾಕಷ್ಟು ಒಣಮಣ್ಣು ಇರಬೇಕು. ಗುಂಡಿಗಳಿಂದ ತೆಗೆದ ಗಸಿಯನ್ನು ಶುದ್ಧೀಕರಿಸಿ ಗೊಬ್ಬರವಾಗಿಸುವ ಘಟಕ 2015ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾಯಿತು. ಊರಿಗೆಲ್ಲ ಒಳಚರಂಡಿ ತೋಡದೆಯೂ ದಾರಿಯಿದೆ ಎಂಬುದಕ್ಕೆ ಅದು ನಿದರ್ಶನ.

ಯೋಜನೆಯ ನಕ್ಷೆ ಗ್ರಾಮಸಭೆಗೋ ಪಟ್ಟಣ ಪಂಚಾಯಿತಿಗೋ ಬಂದಾಗ ಜನರು ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಮಳೆನೀರು ಬೇರೆಯೇ? ಕೀಲುಗಳನ್ನು ಮುಚ್ಚುವ ಮೊದಲು ನೀರು ತುಂಬಿಸಿ ಪರೀಕ್ಷಿಸುತ್ತಾರೆಯೇ? ತೋಡನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ ಮುಚ್ಚುತ್ತಾರೆಯೇ, ಅದೂ ಮಳೆಗಾಲಕ್ಕೆ ಮುನ್ನ? ಮನುಷ್ಯ ಇಳಿಯದೆ ಚರಂಡಿ ತೊಳೆಯುವ ಯಂತ್ರಕ್ಕೆ ಹಣ ಇಟ್ಟಿದ್ದಾರೆಯೇ? ಶುದ್ಧೀಕರಣ ಘಟಕ ಮೊದಲೋ, ಕೊಳವೆ ಮೊದಲೋ? ಕೊನೆಯ ಪ್ರಶ್ನೆಗೆ 'ಕೊಳವೆ ಮೊದಲು, ಘಟಕ ಆಮೇಲೆ' ಎಂಬ ಉತ್ತರ ಬಂದರೆ, ಆ ಯೋಜನೆ ಊರಿನ ಕೊಳಕನ್ನು ಹೊಳೆಗೆ ಬೇಗ ತಲುಪಿಸುವ ಯೋಜನೆಯೆಂದೇ ತಿಳಿಯಬೇಕು. ಅಂಥದಕ್ಕೆ ಒಪ್ಪಿಗೆ ಕೊಡದೆ ಇರುವುದು ಅಭಿವೃದ್ಧಿಯ ವಿರೋಧವಲ್ಲ. ಕೆಳಗಿನ ಊರಿನವರ ಕುಡಿಯುವ ನೀರಿಗೆ ಮೇಲಿನ ಊರಿನವರು ತೋರಬೇಕಾದ ಕನಿಷ್ಠ ಮರ್ಯಾದೆ.